ಹಳೆ ಹ್ಯಾಲೊಜನ್ ಪೆಟ್ಟಿಗೆಯೊಳಗೆ ಮೂರು ಬಣ್ಣದ ಎಲ್‌ಇಡಿ: ನಮ್ಮ ರಂಗಸ್ಥಳದ ಬೆಳಕಿನ ಕೆಲಸ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮ ಹವ್ಯಾಸಿ ಯಕ್ಷಗಾನ ಸಂಘದ ಉಗ್ರಾಣದಲ್ಲಿ 500 ವ್ಯಾಟಿನ ನಾಲ್ಕು ಹಳೆ ಹ್ಯಾಲೊಜನ್ ಫ್ಲಡ್ ಲೈಟುಗಳು ಬಿದ್ದಿದ್ದವು. ಬಲ್ಬು ಹೋಗಿದೆ. ಆದರೆ ಅಲ್ಯೂಮಿನಿಯಂ ಮೈ, ಮುಂದಿನ ಗಾಜು, ಓರೆ ಮಾಡುವ ಬ್ರಾಕೆಟ್ ಎಲ್ಲ ಗಟ್ಟಿಯಾಗಿವೆ. ಇವುಗಳೊಳಗೆ ಬಣ್ಣ ಬದಲಾಗುವ ಎಲ್‌ಇಡಿ ಕೂರಿಸುವುದು ಈ ಮಳೆಗಾಲದ ಕೆಲಸ. ಮೇ ಕೊನೆಯಲ್ಲಿ ಬರುವ ಪತ್ತನಾಜೆಗೆ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ದೀಪಾವಳಿಯವರೆಗೆ ಇಂಥದ್ದಕ್ಕೆ ಕೂರಲು ಸಮಯ ಸಿಗುತ್ತದೆ.

ಬಾಡಿಗೆಗೆ ಬರುವ ಪಾರ್ ಲೈಟಿನಲ್ಲೂ (ವೇದಿಕೆಯ ಡಬ್ಬಿಯಾಕಾರದ ಬಣ್ಣದ ದೀಪ) ಬಣ್ಣ ಇದೆಯಲ್ವಾ ಎಂದು ಕೇಳಿದವರಿದ್ದಾರೆ. ಇದೆ. ಆದರೆ ಅದನ್ನು ಆಟೋ ಮೋಡ್‌ನಲ್ಲೋ ಸೌಂಡ್ ಮೋಡ್‌ನಲ್ಲೋ ಬಿಟ್ಟುಬಿಡುವುದೇ ಜಾಸ್ತಿ. ಚೆಂಡೆಗೆ ಕೋಲು ಬಿದ್ದ ಕೂಡಲೇ ಬಣ್ಣ ಕುಣಿಯಲು ಶುರು. ಭಾಗವತರು ಕರುಣರಸದ ಪದ ಎತ್ತಿಕೊಂಡಿದ್ದಾರೆ, ದಮಯಂತಿ ಕಾಡಿನಲ್ಲಿ ಒಬ್ಬಳೇ ನಿಂತಿದ್ದಾಳೆ, ಅವಳ ಮುಖದ ಮೇಲೆ ಹಸಿರು, ನೇರಳೆ, ಮತ್ತೆ ಹಸಿರು. ನನಗೆ ಅದನ್ನು ನೋಡಲು ಆಗುವುದಿಲ್ಲ. ಬಣ್ಣ ಯಾವಾಗ ಬದಲಾಗಬೇಕು ಎನ್ನುವುದು ಪ್ರಸಂಗ ಗೊತ್ತಿರುವವರ ಕೈಯಲ್ಲಿರಬೇಕು. ಹಾಗಾಗಿ ಇದರಲ್ಲಿ ರಿಮೋಟ್ ಇಲ್ಲ, ಪ್ರೋಗ್ರಾಂ ಇಲ್ಲ. ಕತ್ತಲಲ್ಲಿ ಬೆರಳಿಗೇ ದಿಕ್ಕು ಗೊತ್ತಾಗುವಂಥ ಮೂತಿ ಇರುವ ಒಂದು ನಾಬ್, ಎಡಗೈಗೆ ಒಂದು ಗುಂಡಿ, ಬಿಳಿ ಬೆಳಕಿಗೆ ಬೇರೆ ಸ್ವಿಚ್. ಅಷ್ಟೇ.

ಬಿಳಿ ಬೇರೆ ಯಾಕೆ? ಕೆಂಪು, ಹಸಿರು, ನೀಲಿ ಮೂರನ್ನೂ ಹೊತ್ತಿಸಿದರೆ ಗೋಡೆಯ ಮೇಲೆ ಬಿಳಿ ಕಾಣುತ್ತದೆ, ನಿಜ. ಆದರೆ ಆ ಬೆಳಕಿನಲ್ಲಿ ಇರುವುದು ಮೂರು ಸಪೂರ ಪಟ್ಟಿಗಳು ಮಾತ್ರ. ಕೆಂಪು 620ರಿಂದ 630 ನ್ಯಾನೋಮೀಟರ್, ಹಸಿರು 520ರಿಂದ 530, ನೀಲಿ 460ರಿಂದ 470ರ ಸುತ್ತ. ನಡುವಿನ ಹಳದಿ, ಕಿತ್ತಳೆಯ ಜಾಗ ಹೆಚ್ಚುಕಡಿಮೆ ಖಾಲಿ. ನಮ್ಮ ಮುಖವರ್ಣಿಕೆ ನಿಂತಿರುವುದೇ ಹಳದಿ, ಕೆಂಪು, ಬಿಳಿ ಕಲಸಿದ ಹದದ ಮೇಲೆ. ಆ ಖಾಲಿ ಬೆಳಕಿನಲ್ಲಿ ಹದ ಕೆಡುತ್ತದೆ, ಮೈಬಣ್ಣ ಗುಲಾಬಿಗೆ ತಿರುಗುತ್ತದೆ. ಅದಕ್ಕೇ ಮುಂದಿನ ಎರಡು ಪೆಟ್ಟಿಗೆಗಳಲ್ಲಿ ವಾರ್ಮ್ ವೈಟ್ ಮಾತ್ರ. ಹಿಂದಿನ ಎರಡು ಮೂಲೆಗಳಲ್ಲಿ ಬಣ್ಣ ಮಾತ್ರ. ಬಣ್ಣ ಹಿಂದಿನಿಂದ ಭುಜಕೀರ್ತಿಗೆ, ಕಿರೀಟದ ಅಂಚಿಗೆ, ನೆಲಕ್ಕೆ ಬೀಳಬೇಕು. ಮುಖ ಮುಖವಾಗಿಯೇ ಉಳಿಯಬೇಕು. ಎರಡನ್ನೂ ಒಂದೇ ಪೆಟ್ಟಿಗೆಗೆ ಹಾಕಿ ಒಂದೇ ಕಡೆಯಿಂದ ಬಿಟ್ಟರೆ ಬಿಳಿಯ ಎದುರು ನೀಲಿ ಕಾಣಿಸುವುದೇ ಇಲ್ಲ.

ಬಣ್ಣಕ್ಕೆ ಆರಿಸಿದ್ದು 10 ವ್ಯಾಟಿನ ಚಚ್ಚೌಕ ಆರ್‌ಜಿಬಿ ಮಾಡ್ಯೂಲ್, ಆರು ಕಾಲಿನದು. ಒಳಗೆ ಪ್ರತಿ ಬಣ್ಣಕ್ಕೆ ಮೂರು ಚಿಪ್ ಸಾಲಾಗಿ ಸೇರಿರುತ್ತವೆ. ಪ್ರತಿ ಬಣ್ಣಕ್ಕೂ ತನ್ನದೇ ಪ್ಲಸ್, ತನ್ನದೇ ಮೈನಸ್. 350 ಮಿಲಿಆಂಪಿಯರ್ ಹರಿಯುವಾಗ ಕೆಂಪಿಗೆ 6ರಿಂದ 8 ವೋಲ್ಟ್ ಸಾಕು. ಹಸಿರಿಗೂ ನೀಲಿಗೂ 9ರಿಂದ 11 ಬೇಕು. ಕೆಂಪು ಬೆಳಕಿನ ಶಕ್ತಿ ಕಡಿಮೆ, ಹಾಗಾಗಿ ಅದು ಕೇಳುವ ವೋಲ್ಟೇಜೂ ಕಡಿಮೆ. ಚಿಪ್ಪಿನ ವಸ್ತುವೇ ಬೇರೆ. ಕೆಂಪಿನದು ಅಲ್ಯೂಮಿನಿಯಂ ಇಂಡಿಯಂ ಗ್ಯಾಲಿಯಂ ಫಾಸ್ಫೈಡ್, ನೀಲಿ ಹಸಿರಿನದು ಇಂಡಿಯಂ ಗ್ಯಾಲಿಯಂ ನೈಟ್ರೈಡ್. ಕೆಂಪು ಎಲ್‌ಇಡಿ 1960ರ ದಶಕದಲ್ಲೇ ಬಂದರೂ ಚೆನ್ನಾಗಿ ಬೆಳಗುವ ನೀಲಿಗೆ 1990ರ ದಶಕದವರೆಗೆ ಕಾಯಬೇಕಾಯಿತು. ಅಕಾಸಾಕಿ, ಅಮಾನೊ, ನಕಮುರ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂದದ್ದು ಆ ನೀಲಿಗೇ.

ಯಾವ ಕಾಲು ಯಾವ ಬಣ್ಣದ್ದು ಎಂದು ಹುಡುಕಲು ಮಲ್ಟಿಮೀಟರಿನ ಡಯೋಡ್ ಗುರುತು ಉಪಯೋಗಕ್ಕೆ ಬರುವುದಿಲ್ಲ. ಮೂರು ಚಿಪ್ ಸಾಲಾಗಿರುವಾಗ ಮೀಟರ್ ಕೊಡುವ ವೋಲ್ಟೇಜಿಗೆ ಏನೂ ಹೊತ್ತುವುದಿಲ್ಲ. 12 ವೋಲ್ಟಿಗೆ 1 ಕಿಲೋ ಓಮ್ ರೆಸಿಸ್ಟರ್ ಸೇರಿಸಿ ಮುಟ್ಟಿಸಿ ನೋಡಿ. ಕೆಲವೇ ಮಿಲಿಆಂಪಿಯರ್ ಹರಿಯುತ್ತದೆ, ಬಣ್ಣ ಮಂದವಾಗಿ ಕಾಣುತ್ತದೆ, ಸುಡುವ ಭಯ ಇಲ್ಲ. ಬೆಸುಗೆಯನ್ನು ಮಾತ್ರ ಬಿಸಿ ಎಳೆದುಕೊಳ್ಳುವ ಹೀಟ್ ಸಿಂಕಿಗೆ ಕೂರಿಸುವ ಮೊದಲೇ ಮಾಡಿ. ಕೂರಿಸಿದ ಮೇಲೆ ಬೆಸುಗೆ ಕಬ್ಬಿಣದ ಬಿಸಿಯನ್ನೆಲ್ಲ ಅಲ್ಯೂಮಿನಿಯಂ ಎಳೆದುಕೊಳ್ಳುತ್ತದೆ, ಸೀಸ ಹರಿಯುವುದೇ ಇಲ್ಲ.

ಮೂರು ಬಣ್ಣಕ್ಕೆ ಮೂರು ರೆಸಿಸ್ಟರ್ ಹಾಕಿ ಸುಮ್ನೆ ವೋಲ್ಟೇಜ್ ಕೊಟ್ಟರೂ ಹೊತ್ತುತ್ತದೆ. ಆದರೆ ಎಲ್‌ಇಡಿ ಬಿಸಿಯಾದಂತೆ ಅದರ ವೋಲ್ಟೇಜ್ ಇಳಿಯುತ್ತದೆ, ಕರೆಂಟ್ ಏರುತ್ತದೆ, ಇನ್ನೂ ಬಿಸಿಯಾಗುತ್ತದೆ. ಈ ಶಕ್ತಿಯ ಎಲ್‌ಇಡಿಗೆ ಕರೆಂಟನ್ನು ಹಿಡಿದಿಡುವ ಡ್ರೈವರ್ ಬೇಕೇ ಬೇಕು. ನಾನು ಹಿಡಿದದ್ದು ಪಿಟಿ4115 ಎಂಬ ಐಸಿ ಇರುವ ಸಣ್ಣ ಬೋರ್ಡ್. 6ರಿಂದ 30 ವೋಲ್ಟ್ ಒಳಕ್ಕೆ ಕೊಡಬಹುದು, 1.2 ಆಂಪಿಯರ್ ವರೆಗೆ ಎಳೆಯಬಹುದು. ಎಷ್ಟು ಕರೆಂಟ್ ಎನ್ನುವುದನ್ನು ಒಂದೇ ರೆಸಿಸ್ಟರ್ ತೀರ್ಮಾನಿಸುತ್ತದೆ. 0.1 ಅನ್ನು ಅದರ ಓಮ್ ಬೆಲೆಯಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. ಕೆಂಪು ಮತ್ತು ನೀಲಿಗೆ 0.3 ಓಮ್, ಅಂದರೆ 333 ಮಿಲಿಆಂಪಿಯರ್. ಹಸಿರಿಗೆ 0.5 ಓಮ್, 200 ಮಿಲಿಆಂಪಿಯರ್. 1 ಓಮಿನ ಎರಡನ್ನು ಸಮಾಂತರವಾಗಿ ಹಾಕಿದರೆ 0.5 ಆಯಿತು. ನಮ್ಮ ಕಣ್ಣಿಗೆ ಹಸಿರು ತುಂಬ ಜೋರು. ಮೂರಕ್ಕೂ ಒಂದೇ ಕರೆಂಟ್ ಕೊಟ್ಟರೆ ಕೆಂಪು-ಹಸಿರು ಸೇರಿದ ಹಳದಿ ಎಳೆ ಬಾಳೆಎಲೆಯ ಬಣ್ಣಕ್ಕೆ ಹೋಗುತ್ತದೆ. ಹಸಿರನ್ನು ಇಳಿಸಿದ ಮೇಲೆ ಅರಿಶಿನದ ಹತ್ತಿರ ಬಂತು. ಮುಂದಿನ ಪೆಟ್ಟಿಗೆಯ 10 ವ್ಯಾಟಿನ ಬಿಳಿ ಎಲ್‌ಇಡಿಗೆ 0.13 ಓಮ್ ಹಾಕಿದ್ದೇನೆ, ಸುಮಾರು 770 ಮಿಲಿಆಂಪಿಯರ್. ಪೂರ್ತಿ ಶಕ್ತಿಗೆ ಎಳೆಯದೆ ಬಿಟ್ಟರೆ ರಾತ್ರಿಯಿಡೀ ಉರಿದರೂ ತಂಪಾಗಿರುತ್ತದೆ.

ಈ ಐಸಿಯ ವೈರಿಂಗಿನಲ್ಲಿ ಒಂದು ವಿಷಯವನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ಒಳಬರುವ ಪ್ಲಸ್ ಮೊದಲು ಆ ಅಳತೆಯ ರೆಸಿಸ್ಟರಿಗೆ, ಅಲ್ಲಿಂದ ಎಲ್‌ಇಡಿಯ ಪ್ಲಸ್‌ಗೆ, ಎಲ್‌ಇಡಿಯ ಮೈನಸ್‌ನಿಂದ ಕಾಯಿಲ್‌ಗೆ, ಕಾಯಿಲ್‌ನಿಂದ ಐಸಿಗೆ ಹೋಗುತ್ತದೆ. ಅಂದರೆ ಎಲ್‌ಇಡಿಯ ಮೈನಸ್ ಗ್ರೌಂಡ್ ಅಲ್ಲ. ಎಲ್‌ಇಡಿಯ ಪ್ಲಸ್ಸೂ ನೇರ ಸಪ್ಲೈ ಅಲ್ಲ, ಅದು ರೆಸಿಸ್ಟರ್ ದಾಟಿ ಬಂದದ್ದು. ಹಾಗಾಗಿ ನಾಲ್ಕೇ ಕಾಲಿನ, ಮೂರು ಬಣ್ಣಕ್ಕೆ ಒಂದು ಕಾಲು ಹಂಚಿಕೊಂಡ ಎಲ್‌ಇಡಿ ಇದಕ್ಕೆ ಹೊಂದುವುದಿಲ್ಲ. ಪ್ಲಸ್ ಹಂಚಿಕೊಂಡರೂ ಆಗದು, ಮೈನಸ್ ಹಂಚಿಕೊಂಡರೂ ಆಗದು. ಆರು ಕಾಲಿನದ್ದನ್ನೇ ಕೇಳಿ ತರಬೇಕು. ಹಾಗೆಯೇ ತಂತಿ ಉಳಿಸಲು ಮೂರು ಮೈನಸ್‌ಗಳನ್ನು ಸೇರಿಸಿ ಒಂದೇ ತಂತಿ ಎಳೆಯುವಂತಿಲ್ಲ.

ಬೋರ್ಡ್ ಕೊಳ್ಳುವಾಗ ಇನ್ನೊಂದು ನೋಡಬೇಕಾದ್ದಿದೆ. ಕೆಲವು ಬೋರ್ಡ್‌ಗಳ ಒಳಬರುವ ಕಡೆ ನಾಲ್ಕು ಡಯೋಡಿನ ಬ್ರಿಡ್ಜ್ ಇರುತ್ತದೆ, ಎಸಿ ಕೊಟ್ಟರೂ ನಡೆಯಲಿ ಎಂದು. ಆಗ ಐಸಿಯ ಗ್ರೌಂಡ್ ಸಪ್ಲೈಯ ಗ್ರೌಂಡಿಗಿಂತ ಒಂದು ಡಯೋಡಿನಷ್ಟು ಮೇಲೆ ಕೂರುತ್ತದೆ. ಸ್ವಿಚಿಂಗ್ ತಂತಿ ಎಳೆಯುವವರಿಗೆ ಅದು ತಲೆನೋವು. ಬ್ರಿಡ್ಜ್ ಇಲ್ಲದ, ಡಿಮ್ ಪಿನ್ (ಬೆಳಕನ್ನು ಮಂದ ಮಾಡುವ, ಆರಿಸುವ ಕಾಲು) ಹೊರಗೆ ತಂದಿರುವ ಬೋರ್ಡನ್ನೇ ಆರಿಸಿ.

ಸಪ್ಲೈ 24 ವೋಲ್ಟ್, 5 ಆಂಪಿಯರ್. ಹಿಂದಿನ ಪೆಟ್ಟಿಗೆಯಲ್ಲಿ ಎರಡೆರಡು ಆರ್‌ಜಿಬಿ, ಮುಂದಿನದರಲ್ಲಿ ಎರಡೆರಡು ಬಿಳಿ. ಲೆಕ್ಕ ಹಾಕಿದರೆ ಪೆಟ್ಟಿಗೆಗೆ 15 ವ್ಯಾಟ್, ಡ್ರೈವರಿನ ನಷ್ಟ ಸೇರಿ 16-17. ನಾಲ್ಕಕ್ಕೆ 66 ವ್ಯಾಟ್ ಆಸುಪಾಸು. ಮೊದಲು ಒಂದೊಂದು ಹ್ಯಾಲೊಜನ್ನಿಗೇ 500 ವ್ಯಾಟ್ ಹೋಗುತ್ತಿತ್ತು. 12 ವೋಲ್ಟ್ ಯಾಕೆ ಬೇಡ ಎಂದರೆ, ನೀಲಿಗೆ 10-11 ವೋಲ್ಟ್ ಬೇಕಾದಲ್ಲಿ ಡ್ರೈವರಿಗೆ ಉಸಿರಾಡಲು ಜಾಗ ಉಳಿಯುವುದಿಲ್ಲ. ರಂಗಸ್ಥಳದ ಒಂದು ಬದಿಗೆ 15 ಮೀಟರ್ ಕೇಬಲ್ ಹೋಗುತ್ತದೆ. 1 ಚದರ ಮಿಲಿಮೀಟರ್ ತಾಮ್ರಕ್ಕೆ ಹೋಗಿಬರುವ 30 ಮೀಟರಿಗೆ ಅರ್ಧ ಓಮಿಗಿಂತ ಸ್ವಲ್ಪ ಜಾಸ್ತಿ. 24 ವೋಲ್ಟಿನಲ್ಲಿ ಬದಿಗೆ 1.4 ಆಂಪಿಯರ್ ಹರಿದು ಮುಕ್ಕಾಲು ವೋಲ್ಟ್ ಬೀಳುತ್ತದೆ, ಡ್ರೈವರ್ ಅದನ್ನು ಗಮನಿಸುವುದೂ ಇಲ್ಲ. 12 ವೋಲ್ಟಾದರೆ ಕರೆಂಟ್ ಎರಡು ಪಟ್ಟು, ಬೀಳುವುದೂ ಎರಡು ಪಟ್ಟು. ಮೊದಲು ಸಾಯುವುದು ನೀಲಿಯೇ.

ಎರಡು ಮಾಡ್ಯೂಲ್‌ಗಳ ನೀಲಿಯನ್ನು ಸಾಲಾಗಿ ಸೇರಿಸಿ ಒಂದೇ ಡ್ರೈವರಿಗೆ ಕೊಟ್ಟರೆ ಬೋರ್ಡ್ ಅರ್ಧ ಉಳಿಯುತ್ತಿತ್ತು. ಆದರೆ ಆಗ 20-22 ವೋಲ್ಟ್ ಬೇಕು. ತಂತಿಯ ನಷ್ಟ ಕಳೆದು ಉಳಿಯುವ 23ರಲ್ಲಿ ಅದು ತೀರಾ ಬಿಗಿ. ಪ್ರತಿ ಬಣ್ಣಕ್ಕೂ ಪ್ರತ್ಯೇಕ ಡ್ರೈವರ್ ಇಟ್ಟೆ.

ಇನ್ನು ಬಣ್ಣ ಬದಲಿಸುವ ಭಾಗ. ನನಗೆ ಇಷ್ಟವಾದದ್ದೂ ಇದೇ.

ಪಿಟಿ4115ರ ಡಿಮ್ ಪಿನ್ ಸುಮ್ನೆ ಬಿಟ್ಟರೆ ಎಲ್‌ಇಡಿ ಪೂರ್ತಿ ಹೊತ್ತುತ್ತದೆ. ಅದನ್ನು 0.3 ವೋಲ್ಟಿಗಿಂತ ಕೆಳಗೆ ಎಳೆದರೆ ಆರುತ್ತದೆ. 0.5ರಿಂದ 2.5 ವೋಲ್ಟ್ ನಡುವೆ ಇಟ್ಟರೆ ಮಂದವಾಗಿ ಉರಿಯುತ್ತದೆ. ಹಾಗಾದರೆ ಮೂರು ಡಿಮ್ ಪಿನ್‌ಗಳಿಂದ ತಂತಿ ಎಳೆದು ಸ್ವಿಚ್ಚಿನಲ್ಲಿ ಗ್ರೌಂಡಿಗೆ ಮುಟ್ಟಿಸಿದರೆ ಆಯಿತಲ್ಲ? ಮೇಜಿನ ಮೇಲೆ ಆಗುತ್ತದೆ, ರಂಗಸ್ಥಳದಲ್ಲಿ ಆಗುವುದಿಲ್ಲ. ಮೇಲೆ ಹೇಳಿದ ಮುಕ್ಕಾಲು ವೋಲ್ಟಿನ ನಷ್ಟದಲ್ಲಿ ಅರ್ಧ ಗ್ರೌಂಡ್ ತಂತಿಯದ್ದು. ಅಂದರೆ ದೀಪದ ಗ್ರೌಂಡಿಗೂ ಸ್ವಿಚ್ಚಿನ ಗ್ರೌಂಡಿಗೂ 0.37 ವೋಲ್ಟ್ ವ್ಯತ್ಯಾಸ. ಮಿತಿಯೇ 0.3 ಇರುವಾಗ ಇಷ್ಟು ವ್ಯತ್ಯಾಸ ಬಂದರೆ ಯಾವುದನ್ನೂ ನಂಬುವಂತಿಲ್ಲ. ಮೇಲಿಂದ ಒಂದೇ ಸ್ಥಾನದಿಂದ ಎರಡು ತಂತಿ ಮುಟ್ಟಿಸಲು ಸ್ವಿಚ್ಚಿನಲ್ಲಿ 1ಎನ್4148 ಡಯೋಡ್ ಸೇರಿದರೆ ಅಷ್ಟು ಸಣ್ಣ ಕರೆಂಟಿಗೂ ಅದು 0.4 ವೋಲ್ಟ್ ಹಿಡಿದುಕೊಳ್ಳುತ್ತದೆ. ಆರಬೇಕಾದ ಬಣ್ಣ ಪೂರ್ತಿ ಆರದೆ ಮಿಣುಕುತ್ತ ಉಳಿಯುತ್ತದೆ.

ಹಾಗಾಗಿ ಡಿಮ್ ಪಿನ್ನನ್ನು ದೀಪದ ಪೆಟ್ಟಿಗೆಯೊಳಗೇ ಗ್ರೌಂಡಿಗೆ ಎಳೆಯುತ್ತೇನೆ. ಪ್ರತಿ ಬಣ್ಣಕ್ಕೆ ಒಂದು ಬಿಸಿ547 ಟ್ರಾನ್ಸಿಸ್ಟರ್. ಎಮಿಟರ್ ಅಲ್ಲಿನ ಗ್ರೌಂಡಿಗೆ, ಕಲೆಕ್ಟರ್ ಡಿಮ್ ಪಿನ್‌ಗೆ. ಎರಡು ಮಾಡ್ಯೂಲಿನ ಒಂದೇ ಬಣ್ಣದ ಡಿಮ್ ಪಿನ್‌ಗಳು ಒಂದೇ ಟ್ರಾನ್ಸಿಸ್ಟರಿಗೆ ಸೇರುತ್ತವೆ. ಸ್ವಿಚ್ಚಿನಿಂದ ಬರುವ ತಂತಿಯಲ್ಲಿ 24 ವೋಲ್ಟ್ ಬಂದರೆ ಅದು 47 ಕಿಲೋ ಓಮ್ ದಾಟಿ ಬೇಸ್ ತಲುಪಿ ಟ್ರಾನ್ಸಿಸ್ಟರನ್ನು ಒತ್ತುತ್ತದೆ, ಡಿಮ್ ಪಿನ್ 0.1 ವೋಲ್ಟಿನ ಆಸುಪಾಸಿಗೆ ಇಳಿಯುತ್ತದೆ, ಬಣ್ಣ ಆರುತ್ತದೆ. ಬೇಸ್‌ನಿಂದ ಗ್ರೌಂಡಿಗೆ 10 ಕಿಲೋ ಓಮ್. 24 ವೋಲ್ಟಿನ ಸಂಕೇತಕ್ಕೆ ಅರ್ಧ ವೋಲ್ಟ್ ಆಚೀಚೆ ಆದರೆ ಏನೂ ಇಲ್ಲ.

ತಂತಿಯಲ್ಲಿ ವೋಲ್ಟೇಜ್ ಬಂದರೆ ಬಣ್ಣ ಆರುವುದು, ಹೋದರೆ ಹೊತ್ತುವುದು. ಇದು ತಲೆಕೆಳಗು ಅನ್ನಿಸಬಹುದು. ನನಗೆ ಬೇಕಾದದ್ದು ಹೀಗೆಯೇ. ನಡುರಾತ್ರಿ ಯಾರದೋ ಕಾಲಿಗೆ ಸಿಕ್ಕಿ ಸ್ವಿಚ್ಚಿನ ತಂತಿ ಕಿತ್ತು ಬಂದರೆ ದೀಪ ಉರಿಯುತ್ತಲೇ ಇರಬೇಕು. ಧಿಗಿಣ ಹೊಡೆಯುತ್ತ ಹಾರಿ ಸುತ್ತುತ್ತಿರುವ ಪುಂಡುವೇಷದವನ (ಎಳೆ ವೀರನ ಪಾತ್ರದವನ) ಎದುರು ಕತ್ತಲಾಗಬಾರದು. ಬಿಳಿಗೂ ಇದೇ ಕ್ರಮ.

ಇದಕ್ಕೆ ಒಂದು ತೊಡಕಿದೆ. ಸಾಮಾನ್ಯ ರೋಟರಿ ಸ್ವಿಚ್ ಒಂದು ಸ್ಥಾನ ಬಿಟ್ಟು ಇನ್ನೊಂದನ್ನು ಮುಟ್ಟುವ ನಡುವೆ ಯಾವುದನ್ನೂ ಮುಟ್ಟಿರುವುದಿಲ್ಲ. ಆ ಕ್ಷಣ ಮೂರೂ ತಂತಿ ಖಾಲಿ. ಮೂರೂ ಬಣ್ಣ ಹೊತ್ತಿ ಫಕ್ಕನೆ ಬಿಳಿ ಮಿಂಚುತ್ತದೆ. ಪರಿಹಾರ ಒಂದು ಕೆಪಾಸಿಟರ್. ದೀಪದ ಕಡೆ ಪ್ರತಿ ತಂತಿಗೆ 1 ಮೈಕ್ರೋಫ್ಯಾರಡ್, ಅದರ ಮುಂದೆ 100 ಓಮ್. ತುಂಬುವುದು ಕೂಡಲೇ. ಖಾಲಿಯಾಗುವುದು 47 ಕಿಲೋ ಓಮ್ ಮೂಲಕ, ಟ್ರಾನ್ಸಿಸ್ಟರ್ ಕೈಬಿಡಲು ಸೆಕೆಂಡಿನ ಹತ್ತನೇ ಒಂದು ಭಾಗ. ಸ್ವಿಚ್ ಟಕ್ ಎಂದು ಹಾರುವುದಕ್ಕೆ ಅಷ್ಟು ಸಮಯ ಬೇಡ. ಫಲವಾಗಿ ಹಳೆ ಬಣ್ಣ ತಕ್ಷಣ ಆರುತ್ತದೆ, ಒಂದು ಸಣ್ಣ ಬಿಡುವಿನ ಮೇಲೆ ಹೊಸದು ಬರುತ್ತದೆ. ನೋಡಲೂ ಚೆಂದ.

ಸ್ವಿಚ್ ಒಂದು ಪೋಲ್, ಹನ್ನೆರಡು ಸ್ಥಾನದ್ದು. ಒಳಗಿನ ಹಲ್ಲಿರುವ ವಾಷರ್ ಸರಿಸಿ ಎಂಟಕ್ಕೆ ನಿಲ್ಲಿಸಿದೆ. ಪೋಲಿಗೆ, ಅಂದರೆ ಎಲ್ಲ ಸ್ಥಾನಕ್ಕೂ ತಿರುಗುವ ನಡುವಿನ ಕಾಲಿಗೆ, 24 ವೋಲ್ಟ್. ಕೆಂಪು ಸ್ಥಾನ ಎಂದರೆ ಹಸಿರು, ನೀಲಿ ತಂತಿಗಳಿಗೆ, ಒಂದಕ್ಕೊಂದು ಸೇರಿಹೋಗದಂತೆ, ಎರಡು ಡಯೋಡ್. ಹಸಿರಿಗೂ ನೀಲಿಗೂ ಹಾಗೆಯೇ ಎರಡೆರಡು. ಪೂರ್ತಿ ಆರಿಸುವ ಸ್ಥಾನಕ್ಕೆ ಮೂರು. ಹಳದಿಗೆ ನೀಲಿ ತಂತಿಯೊಂದನ್ನೇ ಮುಟ್ಟಿಸಬೇಕು, ಡಯೋಡ್ ಬೇಡ. ಹಸಿರು-ನೀಲಿ, ಕೆಂಪು-ನೀಲಿ ಜೋಡಿಗಳಿಗೂ ಬೇಡ. ಮೂರೂ ಹೊತ್ತುವ ಸ್ಥಾನವನ್ನು ಎಲ್ಲಿಗೂ ಸೇರಿಸಬೇಕಿಲ್ಲ. ಇಲ್ಲಿ ಸಂಕೇತ 24 ವೋಲ್ಟಿನದಾದ್ದರಿಂದ ಅಗ್ಗದ 1ಎನ್4148 ಧಾರಾಳ ಸಾಕು.

ಕೆಂಪಿನಿಂದ ನೀಲಿಗೆ ಹೋಗುವಾಗ ನಾಬ್ ನಡುವಿನ ಬಣ್ಣಗಳನ್ನು ದಾಟಲೇಬೇಕು. ಅದಕ್ಕೆ ಎಡಗೈಯ ಗುಂಡಿ. ಒತ್ತಿದರೆ ಇನ್ನೂ ಮೂರು ಡಯೋಡಿನ ಮೂಲಕ ಮೂರೂ ತಂತಿಗೆ 24 ವೋಲ್ಟ್ ಹೋಗಿ ಬಣ್ಣವೆಲ್ಲ ಆರುತ್ತದೆ. ಒತ್ತಿ ಹಿಡಿದು, ನಾಬ್ ತಿರುಗಿಸಿ, ಚೆಂಡೆಯ ಮುಕ್ತಾಯಕ್ಕೆ ಸರಿಯಾಗಿ ಬಿಟ್ಟರೆ ಹೊಸ ಬಣ್ಣ ಆ ಏಟಿಗೇ ಬೀಳುತ್ತದೆ. ಇದೊಂದಕ್ಕಾಗಿ ಈ ಇಡೀ ಕೆಲಸ ಮಾಡಬಹುದು ಅನ್ನಿಸಿತು. ಅಷ್ಟು ಹೊತ್ತೂ ಮುಂದಿನ ಬಿಳಿ ಉರಿಯುತ್ತಲೇ ಇರುವುದರಿಂದ ವೇಷಧಾರಿ ಕತ್ತಲಿಗೆ ಬೀಳುವುದಿಲ್ಲ.

ಎಲ್ಲೂ ಪಿಡಬ್ಲ್ಯುಎಂ (ವೇಗವಾಗಿ ಹೊತ್ತಿಸಿ ಆರಿಸಿ ಬೆಳಕನ್ನು ಮಂದ ಮಾಡುವ ಕ್ರಮ) ಬಳಸದಿರುವುದಕ್ಕೆ ಕಾರಣ ಮೊಬೈಲು. ಈಗ ಆಟ ನೋಡುವವರಲ್ಲಿ ಅರ್ಧ ಜನ ವಿಡಿಯೊ ಮಾಡುತ್ತಾರೆ, ಲೈವ್ ಬಿಡುತ್ತಾರೆ. ನಿಧಾನವಾಗಿ ಮಿಟುಕುವ ಬೆಳಕಿದ್ದರೆ ಪರದೆಯ ಮೇಲೆ ಕಪ್ಪು ಪಟ್ಟಿಗಳು ಓಡುತ್ತವೆ. ಇಲ್ಲಿ ಹೊತ್ತುವುದು ಅಥವಾ ಆರುವುದು, ಎರಡೇ. ಪಟ್ಟಿ ಬರುವುದಿಲ್ಲ.

ಪೆಟ್ಟಿಗೆಯ ಕೆಲಸ ಬೇಗ ಮುಗಿಯಿತು. ಬಲ್ಬಿನ ಪಿಂಗಾಣಿ ಹಿಡಿಕೆ ಬಿಚ್ಚಿ, ಒಳಗೆ ದಪ್ಪ ಅಲ್ಯೂಮಿನಿಯಂ ಪ್ಲೇಟ್ ಬೋಲ್ಟ್ ಮಾಡಿ, ಅದರ ಮೇಲೆ ತೆಳ್ಳಗೆ ಥರ್ಮಲ್ ಪೇಸ್ಟ್ ಸವರಿ ಎಲ್‌ಇಡಿ ಕೂರಿಸಿದೆ. ಪ್ಲೇಟಿಗೂ ಪೆಟ್ಟಿಗೆಯ ಮೈಗೂ ನಡುವೆಯೂ ಪೇಸ್ಟ್ ಬೇಕು. ಹಿಂದಿನ ರೆಕ್ಕೆಗಳು 500 ವ್ಯಾಟಿಗೆಂದು ಮಾಡಿದವು, 15 ವ್ಯಾಟ್ ಅವಕ್ಕೆ ಲೆಕ್ಕವೇ ಅಲ್ಲ. ತಂಪು ಮುಖ್ಯ, ಯಾಕೆಂದರೆ ಬಿಸಿಯಾದಾಗ ಎಲ್ಲಕ್ಕಿಂತ ಜಾಸ್ತಿ ಮಂಕಾಗುವುದು ಕೆಂಪು. ತಂಪಿಲ್ಲದಿದ್ದರೆ ಸಂಜೆ ಹಚ್ಚಿದ ಹಳದಿ ನಡುರಾತ್ರಿಗೆ ಹಸಿರಾಗಿರುತ್ತದೆ. ಗಾಜಿನ ಒಳಗೆ ಹಾಲುಬಣ್ಣದ ಅಕ್ರಿಲಿಕ್ ಶೀಟ್ ಹಾಕಿದ್ದೇನೆ. ಸ್ವಲ್ಪ ಬೆಳಕು ಹೋಗುತ್ತದೆ, ಆದರೆ ಅದಿಲ್ಲದೆ ನೆರಳಿನ ಅಂಚಿನಲ್ಲಿ ಮೂರು ಬಣ್ಣ ಬೇರೆ ಬೇರೆ ಕಾಣುತ್ತದೆ. ಹಿಂದಿನ ಪೆಟ್ಟಿಗೆಗಳು ಪ್ರೇಕ್ಷಕರ ಕಡೆ ಮುಖ ಮಾಡಿರುವುದರಿಂದ ಮೇಲೆ ತಗಡಿನ ಕೊಡೆ ಕಟ್ಟಿ, ಚೆನ್ನಾಗಿ ಕೆಳಗೆ ಬಗ್ಗಿಸಿದ್ದೇನೆ.

ಅಡಿಕೆ ಒಣಗಿಸುವ ಅಂಗಳದಲ್ಲಿ ಒಂದು ರಾತ್ರಿ ಪರೀಕ್ಷೆ. ಹಲವು ವರ್ಷ ಬಣ್ಣದ ವೇಷ (ರಕ್ಕಸ ಪಾತ್ರ) ಮಾಡಿದ ನಮ್ಮ ಮಾವ ಬಂದಿದ್ದರು. ಹಗ್ಗಕ್ಕೆ ವೇಷದ ಅಂಗಿಗಳಾದ ಕೆಂಪು ದಗಲೆ, ಕಪ್ಪು ದಗಲೆ, ಚಿನ್ನದ ಬಣ್ಣದ ಬೇಗಡೆ ಹಾಳೆಯ ಭುಜಕೀರ್ತಿ ನೇತು ಹಾಕಿದೆವು. ಬಿಳಿ ಆರಿಸಿ ಹಸಿರು ಮಾತ್ರ ಬಿಟ್ಟೆ.

“ಎರಡೂ ಕಪ್ಪೇ ಕಾಣುತ್ತದಲ್ಲ ಮಾರಾಯ, ಕೆಂಪು ಎಲ್ಲಿ ಹೋಯಿತು?”

“ಕೆಂಪು ಬಟ್ಟೆ ಹಿಂದಕ್ಕೆ ಕೊಡುವುದು ಕೆಂಪು ಬೆಳಕನ್ನು ಮಾತ್ರ ಮಾವ. ಈ ಹಸಿರಿನಲ್ಲಿ ಕೆಂಪು ಚೂರೂ ಇಲ್ಲ.”

“ಹಾಗಾದರೆ ರಕ್ಕಸನ ಒಡ್ಡೋಲಗಕ್ಕೆ ಹಸಿರು ಬೇಡವೇ ಬೇಡ. ಮುಖದ ಬಿಳಿ ಚುಟ್ಟಿ ಮಾತ್ರ ಹಸಿರಾಗಿ ಹೊಳೆದು ಮೈಯೆಲ್ಲ ಮಾಯ.”

ನೀಲಿಯಲ್ಲಿ ಬೇಗಡೆ ಸೀಸದ ಬಣ್ಣಕ್ಕೆ ಇಳಿಯಿತು. ಹಿಂದಿನಿಂದ ನೀಲಿ, ಮುಂದಿನಿಂದ ಬಿಳಿ ಬಿಟ್ಟಾಗ ಬೇಗಡೆ ಚಿನ್ನವಾಗಿಯೇ ಉಳಿದು ಅಂಚಿಗೆ ಮಾತ್ರ ನೀಲಿ ಗೆರೆ ಬಂತು. ಮಾವ ತುಂಬ ಹೊತ್ತು ನೋಡಿದರು. ದೇವಿಮಹಾತ್ಮೆಯಲ್ಲಿ ಮಹಿಷಾಸುರ ಸಭೆಯ ನಡುವಿನಿಂದ ದೊಂದಿ ಹಿಡಿಸಿಕೊಂಡು ಬರುವಾಗ ಏನು ಮಾಡುತ್ತೀ ಎಂದು ಕೇಳಿದರು. ಬಿಳಿಯೂ ಬಣ್ಣವೂ ಪೂರ್ತಿ ಆರಿಸುತ್ತೇನೆ ಎಂದೆ. ದೊಂದಿಯ, ರಾಳದ ಬೆಂಕಿಗೆ ಜೊತೆಯಾಗಿ ಯಾವ ಎಲ್‌ಇಡಿಯೂ ಬೇಡ. ಅವನು ರಂಗಸ್ಥಳ ಹತ್ತಿದ ಮೇಲೆ ಹಿಂದಿನಿಂದ ಕೆಂಪು ಸಾಕು.

ಮಾಡಿಕೊಳ್ಳುವವರಿಗೆ ಕೊನೆಯ ಕೆಲವು ಮಾತು. 230 ವೋಲ್ಟ್ ಸಪ್ಲೈ ಪೆಟ್ಟಿಗೆ ರಂಗಸ್ಥಳದ ಹೊರಗೆ, ಮುಚ್ಚಿ, ಅರ್ಥ್ ಮಾಡಿಯೇ ಇರಲಿ. ಮೇಲೆ ಹೋಗುವುದು 24 ವೋಲ್ಟ್ ಮಾತ್ರ. ಪ್ರತಿ ಬದಿಗೆ 3 ಆಂಪಿಯರ್ ಫ್ಯೂಸ್. ಕೇಬಲ್ಲಿಗೆ ಏಳು ಪಿನ್ನಿನ ಏವಿಯೇಷನ್ ಕನೆಕ್ಟರ್ ಹಾಕಿದ್ದೇನೆ: ಪ್ಲಸ್, ಗ್ರೌಂಡ್, ಮೂರು ಬಣ್ಣ, ಬಿಳಿ, ಒಂದು ಖಾಲಿ. ಡ್ರೈವರಿಗೆ ಕರೆಂಟ್ ಇರುವಾಗ ಎಲ್‌ಇಡಿಯ ತಂತಿ ಬಿಚ್ಚಿ ಸಿಕ್ಕಿಸಬೇಡಿ. ಪರೀಕ್ಷೆಯ ಹೊತ್ತಿಗೆ ಎಲ್‌ಇಡಿಯನ್ನು ನೇರವಾಗಿ ನೋಡದೆ ಮೇಲೊಂದು ಬಿಳಿ ಕಾಗದ ಹಿಡಿಯಿರಿ, ನೀಲಿ ಕಣ್ಣಿಗೆ ಒಳ್ಳೆಯದಲ್ಲ. ಗಾಜಿನ ಅಂಚಿನ ಹಳೆ ರಬ್ಬರ್ ಗಟ್ಟಿಯಾಗಿದ್ದರೆ ಬದಲಿಸಿ. ರಾತ್ರಿಯ ಮಂಜಿನ ನೀರು ಮೊದಲು ಇಳಿಯುವುದು ಅಲ್ಲಿಂದಲೇ.